ಗಾಡಿ ಎತ್ತರಿಸಿದ ಮೇಲೆ ಶಾಫ್ಟ್ ನಡುಗಿದರೆ: ಕ್ರಾಸ್ ಬಿಚ್ಚುವ ಮುಂಚೆ ಅಳತೆ ಹಿಡಿಯಿರಿ

ಸಸ್ಪೆನ್ಷನ್ ಎತ್ತರಿಸಿದ ಫೋರ್ ಬೈ ಫೋರ್ ಗಾಡಿಗಳ ದೂರು ಹೆಚ್ಚುಕಮ್ಮಿ ಒಂದೇ. ಊರೊಳಗೆ ಚೆನ್ನಾಗಿ ಓಡುತ್ತದೆ. ಮೈಸೂರಿನ ರಿಂಗ್ ರಸ್ತೆಗೆ ಹತ್ತಿ ಅರವತ್ತು ದಾಟಿದರೆ ಸೀಟಿನ ಕೆಳಗೆ ನಡುಕ ಶುರುವಾಗುತ್ತದೆ. ಬೆಂಗಳೂರು ಹೆದ್ದಾರಿಯಲ್ಲಿ ಮಂಡ್ಯ ಮುಟ್ಟುವಷ್ಟರಲ್ಲಿ ಕಾಲ ಕೆಳಗಿನ ತಗಡೆಲ್ಲ ಗುಂಯ್ ಅನ್ನುತ್ತಿರುತ್ತದೆ. ಗ್ಯಾರೇಜಿಗೆ ಹೋದರೆ ಸಿಗುವ ಉತ್ತರವೂ ಒಂದೇ. "ಅಣ್ಣಾ, ಕ್ರಾಸ್ ಹೋಗಿದೆ. ಹೊಸದು ಹಾಕ್ಬಿಡ್ಲಾ?"

ಕ್ರಾಸ್ ಅಂದರೆ ಇಂಜಿನ್ ಬಲವನ್ನು ಚಕ್ರದ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿರುವ ನಾಲ್ಕು ತೋಳಿನ ಕೀಲು. ಹೊಸ ಕ್ರಾಸ್ ಹಾಕಿಸ್ತೀರಿ. ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಆಮೇಲೆ ಶಾಫ್ಟ್ ಬ್ಯಾಲೆನ್ಸಿಂಗ್, ಅದಾದ ಮೇಲೆ ಪಿನಿಯನ್ ಬೇರಿಂಗ್, ಹೀಗೆ ದುಡ್ಡು ಸುರಿಯುತ್ತಾ ಹೋಗುತ್ತದೆ. ಎತ್ತರಿಸಿದ ಗಾಡಿಯಲ್ಲಿ ಕ್ರಾಸ್ ಸವೆಯುವುದು ಸಾಮಾನ್ಯವಾಗಿ ಕಾಯಿಲೆಯ ಗುರುತು, ಕಾಯಿಲೆ ಅಲ್ಲ. ಕಾಯಿಲೆ ಇರುವುದು ಶಾಫ್ಟ್ ಕೂತಿರುವ ರೀತಿಯಲ್ಲಿ. ಅದನ್ನು ಕಂಡುಹಿಡಿಯಲು ಒಂದು ಟೇಪು, ಒಂದು ಚಾಕ್‌ಪೀಸು, ಕೋನ ತೋರಿಸುವ ಆ್ಯಪ್ ಇರುವ ಒಂದು ಮೊಬೈಲು ಸಾಕು.

ಗಾಡಿ ಎತ್ತರಿಸಿದಾಗ ಇಂಜಿನ್, ಗೇರ್ ಬಾಕ್ಸ್, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಬಾಕ್ಸ್ ಚಾಸಿಯ ಜೊತೆ ಮೇಲಕ್ಕೆ ಹೋಗುತ್ತವೆ. ಎರಡು ಚಕ್ರಗಳ ನಡುವಿನ ಅಚ್ಚಿನ ಪೆಟ್ಟಿಗೆ, ಅಂದರೆ ಹೌಸಿಂಗ್, ಚಕ್ರದ ಜೊತೆ ಕೆಳಗೇ ಉಳಿಯುತ್ತದೆ. ಶಾಫ್ಟ್ ಬಂದು ಸೇರುವ ಅದರ ಮೂತಿಯೇ ಪಿನಿಯನ್. ನಡುವೆ ಇರುವ ಪ್ರೊಪೆಲ್ಲರ್ ಶಾಫ್ಟ್ ಜಾಸ್ತಿ ಓರೆಯಾಗುತ್ತದೆ, ಜೊತೆಗೆ ಉದ್ದವೂ ಸಾಲದಾಗುತ್ತದೆ. ನಮ್ಮ ಕಡೆ ಇದನ್ನು ಅರ್ಥ ಮಾಡಿಕೊಳ್ಳಲು ಗದ್ದೆಯಲ್ಲಿ ಓಡುವ ಟ್ರಾಕ್ಟರ್ ನೋಡಿದರೆ ಸಾಕು. ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟಿನಲ್ಲೂ ಇದೇ ಕ್ರಾಸ್, ಇದೇ ಒಂದರೊಳಗೊಂದು ಜಾರುವ ಕೊಳವೆ. ಬದುವಿನ ಹತ್ತಿರ ತಿರುಗಿಸುವಾಗ ಪಿಟಿಒ ನಿಲ್ಲಿಸದೆ ರೋಟವೇಟರ್ ಎತ್ತಿದರೆ ಶಾಫ್ಟ್ ಕಟಕಟ ಅಂತ ಬಡಿದುಕೊಳ್ಳುತ್ತದಲ್ವಾ? ಕೋನ ಮಿತಿ ಮೀರಿದಾಗ ಕ್ರಾಸ್ ಮಾಡುವ ಸದ್ದು ಅದು. ಪಿಟಿಒ ತಿರುಗುವುದು ನಿಮಿಷಕ್ಕೆ 540 ಸುತ್ತು. ನಿಮ್ಮ ಗಾಡಿಯ ಶಾಫ್ಟ್ ಹೆದ್ದಾರಿಯಲ್ಲಿ ಅದರ ನಾಲ್ಕೈದು ಪಟ್ಟು ತಿರುಗುತ್ತದೆ.

ಮೊದಲು ನಡುಕ ಯಾವುದರದ್ದು ಅಂತ ಗೊತ್ತು ಮಾಡಿಕೊಳ್ಳಿ

ಎತ್ತರಿಸಿದವರು ಟೈರನ್ನೂ ದೊಡ್ಡದು ಹಾಕಿರುತ್ತಾರೆ. ಹಾಗಾಗಿ ಟೈರ್ ನಡುಕ, ಶಾಫ್ಟ್ ನಡುಕ ಎರಡೂ ಕಲಸಿಕೊಂಡು ಬರುತ್ತವೆ. ಬಿಡಿಸಿ ನೋಡುವ ದಾರಿ ಇದೆ. ಟೈರಿನ ಸುತ್ತಳತೆ 2.2 ಮೀಟರ್, ಹೌಸಿಂಗ್‌ನ ಹಲ್ಲಿನ ಅನುಪಾತ ಸುಮಾರು 4 ಅಂತ ಇಟ್ಟುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 10 ಸುತ್ತು ತಿರುಗುತ್ತದೆ, ಶಾಫ್ಟ್ 40 ಸುತ್ತು. ಟೈರ್ ಬ್ಯಾಲೆನ್ಸ್ ತಪ್ಪಿದ್ದರೆ ಕುಲುಕಾಟ ಸೆಕೆಂಡಿಗೆ 10 ಸಲ, ಸ್ಟೇರಿಂಗ್ ಹಿಡಿದ ಕೈಗೆ ಎಣಿಸುವ ಹಾಗೆ ತಿಳಿಯುತ್ತದೆ. ಶಾಫ್ಟಿನ ಬ್ಯಾಲೆನ್ಸ್ ತಪ್ಪಿದ್ದರೆ 40 ಸಲ. ಕೋನದ ದೋಷವಾದರೆ ಶಾಫ್ಟಿನ ಒಂದು ಸುತ್ತಿಗೆ ಎರಡು ಸಲ, ಅಂದರೆ 80. ಅದು ಕೈಗೆ ಕುಲುಕಾಟವಾಗಿ ಬರುವುದಿಲ್ಲ, ಕಿವಿಗೆ ಗುಂಯ್ ಅಂತಲೂ ಪಾದಕ್ಕೆ ಜುಮ್ ಅಂತಲೂ ಬರುತ್ತದೆ. ಈ ವ್ಯತ್ಯಾಸ ಒಮ್ಮೆ ಮೈಗೆ ಹತ್ತಿದರೆ ಅರ್ಧ ಕೆಲಸ ಮುಗಿದಂತೆ.

ಖಾಲಿ ರಸ್ತೆಯಲ್ಲಿ ನಡುಕ ಬರುವ ವೇಗಕ್ಕೆ ಹೋಗಿ ಕ್ಲಚ್ ಒತ್ತಿ. ನಡುಕ ನಿಂತರೆ ಇಂಜಿನ್ ಮೌಂಟಿಂಗ್ ಕಡೆ ನೋಡಿ. ಹಾಗೇ ಮುಂದುವರಿದರೆ ಟೈರ್ ಅಥವಾ ಶಾಫ್ಟ್. ಎಳೆಯುವಾಗ ಜೋರಾಗಿ ಬಂದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಡಿಮೆಯಾದರೆ ಪಿನಿಯನ್ ಮೂತಿ ಮೇಲಕ್ಕೆ ಜಾಸ್ತಿ ತಿರುಗಿದೆ ಅಂತ ಅನುಮಾನ ಪಡಬೇಕು. ಎಳೆತಕ್ಕೆ ಮೂತಿ ಇನ್ನಷ್ಟು ಮೇಲೇಳುತ್ತದೆ, ಅದಕ್ಕೇ. ಬಿಟ್ಟಾಗ ಮಾತ್ರ ಬಂದರೆ ಮೂತಿ ಕೆಳಗಿದೆ ಅಂತ ಅನುಮಾನ. ಫಸ್ಟ್ ಗೇರಿನಲ್ಲಿ ಹೊರಡುವಾಗ ಮಾತ್ರ ಗಡಗಡ ಅಂದು ಆಮೇಲೆ ಸರಿಹೋದರೆ, ಸ್ಪ್ರಿಂಗ್ ಪಟ್ಟಿ ತಿರುಚಿಕೊಳ್ಳುತ್ತಿದೆ. ಎತ್ತರಕ್ಕೆಂದು ಹೌಸಿಂಗ್ ಮತ್ತು ಪಟ್ಟಿಯ ನಡುವೆ ದಪ್ಪ ಬ್ಲಾಕ್ ಹಾಕಿದ ಗಾಡಿಗಳಲ್ಲಿ ಇದು ಜಾಸ್ತಿ.

ಇನ್ನೊಂದು ಮಾತು. ಒಣ ಟಾರ್ ರಸ್ತೆಯಲ್ಲಿ ಫೋರ್ ಎಚ್ (ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗೇರು) ಹಾಕಿದರೆ ತಿರುವಿನಲ್ಲಿ ಗಾಡಿ ಜಗ್ಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ಶಾಫ್ಟ್ ದೋಷ ಅಲ್ಲ. ಬೇಕಾದಾಗ ಮಾತ್ರ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್ ಇರುವ ಗಾಡಿಯಲ್ಲಿ ಅದು ಸಹಜ. ಅಲ್ಲಿ ಫೋರ್ ಎಚ್ ಹಾಕಲೇಬೇಡಿ.

ಬಿಡಿಗಾಸು ಖರ್ಚಿಲ್ಲದ ತಪಾಸಣೆ: ಕಿವಿಗಳು ಒಂದೇ ಸಾಲಿನಲ್ಲಿವೆಯಾ?

ಎತ್ತರಿಸುವಾಗ ಶಾಫ್ಟ್ ಬಿಚ್ಚಿರುತ್ತಾರೆ. ಜಾರುವ ಭಾಗವನ್ನು ಎಳೆದು ಹೊರಗಿಟ್ಟು, ಮತ್ತೆ ಸೇರಿಸುವಾಗ ಹಲ್ಲು ಎಲ್ಲಿ ಕೂತಿತೋ ಅಲ್ಲಿ ತಳ್ಳಿರುತ್ತಾರೆ. ಇಲ್ಲೇ ಎಡವಟ್ಟು. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಎರಡು ಕಿವಿಗಳ ನಡುವೆ ಹಿಡಿದಿರುವ ಕವಲುಗಳಿವೆ, ಇವೇ ಯೋಕ್. ಈ ಎರಡೂ ಯೋಕ್‌ಗಳ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಒಂದು ಕ್ರಾಸ್ ಓರೆಯಾಗಿ ತಿರುಗುವಾಗ ಶಾಫ್ಟಿನ ವೇಗ ಪ್ರತಿ ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಆ ಏರಿಳಿತವನ್ನು ಅಳಿಸಿಹಾಕುತ್ತದೆ. ಕಿವಿಗಳು ಸಾಲು ತಪ್ಪಿದರೆ ಅಳಿಸುವ ಬದಲು ಕೂಡಿಸುತ್ತದೆ.

ಗಾಡಿಯ ಕೆಳಗೆ ಮಲಗಿ ಶಾಫ್ಟಿನ ಉದ್ದಕ್ಕೂ ಕಣ್ಣು ಹಾಯಿಸಿ. ಅನುಮಾನ ಇದ್ದರೆ ಒಂದು ತುದಿಯ ಕ್ರಾಸ್ ಕಪ್ (ಕ್ರಾಸಿನ ತೋಳಿನ ತುದಿಯ ಟೊಪ್ಪಿ) ನೇರ ಕೆಳಕ್ಕೆ ಬರುವಂತೆ ತಿರುಗಿಸಿ, ಯೋಕಿನ ಮೇಲೆ ಮೊಬೈಲ್ ಇಟ್ಟು ಕೋನ ನೋಡಿ. ಇನ್ನೊಂದು ತುದಿಯಲ್ಲೂ ಅದೇ ಬರಬೇಕು. ಒಂದೇ ಹಲ್ಲು ತಪ್ಪಿದ್ದರೂ ಗೊತ್ತಾಗುತ್ತದೆ. ಕೆಲವು ಗಾಡಿಗಳಲ್ಲಿ ಕಂಪನಿಯವರೇ ಬೇಕಂತ ಸಾಲು ತಪ್ಪಿಸಿರುತ್ತಾರೆ, ಹಾಗಾಗಿ ಬಿಚ್ಚುವ ಮುಂಚೆಯೇ ಎರಡೂ ಭಾಗಕ್ಕೆ ಅಡ್ಡಲಾಗಿ ಪೇಂಟಿನ ಗೆರೆ ಎಳೆಯುವುದು ಒಳ್ಳೆಯದು. ಇಷ್ಟರಲ್ಲೇ ನಡುಕ ಹೋದ ಗಾಡಿಗಳಿವೆ.

ಕೋನ ಹಿಡಿಯುವುದು

ಇದೇ ಮುಖ್ಯ ಭಾಗ. ಗಾಡಿ ತನ್ನ ಚಕ್ರದ ಮೇಲೆ, ದಿನಾ ಹೊರುವ ಭಾರದ ಜೊತೆ ನಿಂತಿರಬೇಕು. ಪಿಟ್ ಇದ್ದರೆ ಉತ್ತಮ. ಚಾಸಿಗೆ ಕೈಕೊಟ್ಟು ಎತ್ತುವ ಲಿಫ್ಟ್ ಬೇಡ, ಚಕ್ರ ಜೋತುಬಿದ್ದರೆ ಅಳತೆ ಸುಳ್ಳಾಗುತ್ತದೆ. ಮೂರು ಕಡೆ ಕೋನ ಬೇಕು: ಟ್ರಾನ್ಸ್‌ಫರ್ ಬಾಕ್ಸಿನ ಫ್ಲ್ಯಾಂಜ್ (ಶಾಫ್ಟ್ ಬೋಲ್ಟ್ ಆಗುವ ಚಪ್ಪಟೆ ತಟ್ಟೆ), ಶಾಫ್ಟಿನ ಕೊಳವೆ, ಪಿನಿಯನ್ ಫ್ಲ್ಯಾಂಜ್. ಮಣ್ಣು, ಗ್ರೀಸ್ ಒರೆಸಿ, ಯಂತ್ರದಲ್ಲಿ ಕಡೆದ ಸಪಾಟು ಜಾಗಕ್ಕೇ ಮೊಬೈಲ್ ಆನಿಸಿ. ಮೂರೂ ಕಡೆ ಮೊಬೈಲ್ ಒಂದೇ ದಿಕ್ಕಿಗಿರಲಿ. ಫ್ಲ್ಯಾಂಜಿನ ಮುಖ ನೆಟ್ಟಗೆ ನಿಂತಿರುವುದರಿಂದ ಅಲ್ಲಿ ಬಂದ ಅಂಕಿಯಲ್ಲಿ 90 ಡಿಗ್ರಿ ಲೆಕ್ಕ ಹಿಡಿಯಬೇಕು. ನೆಲ ಸ್ವಲ್ಪ ಇಳಿಜಾರಿದ್ದರೂ ಪರವಾಗಿಲ್ಲ, ನಮಗೆ ಬೇಕಿರುವುದು ವ್ಯತ್ಯಾಸ.

ಉದಾಹರಣೆಗೆ ಟ್ರಾನ್ಸ್‌ಫರ್ ಬಾಕ್ಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರು, ಶಾಫ್ಟ್ 12 ಡಿಗ್ರಿ ಇಳಿಜಾರು, ಪಿನಿಯನ್ ಕೂಡ ಅದೇ ಓರೆಯಲ್ಲಿ 4 ಡಿಗ್ರಿ. ಮೇಲಿನ ಕ್ರಾಸಿನ ಕೋನ 8, ಕೆಳಗಿನದ್ದೂ 8. ಎರಡೂ ಸಮ. ಒಂದಕ್ಕೊಂದು 1 ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ನಡುಕ ಬರುವ ಸಾಧ್ಯತೆ ಇದೆ ಅಂತ ತಿಳಿಯಿರಿ. ಪಟ್ಟಿ ಇರುವ ಗಾಡಿಯಲ್ಲಿ ನಿಂತಾಗ ಪಿನಿಯನ್ ಮೂತಿ ಒಂದೆರಡು ಡಿಗ್ರಿ ಕೆಳಗಿದ್ದರೆ ಒಳ್ಳೆಯದು, ಎಳೆಯುವಾಗ ಮೇಲೆದ್ದು ಸಮ ಆಗುತ್ತದೆ.

ಈಗ ಯಾವ ಥರ ಎತ್ತರಿಸಿದ್ದಾರೆ ಅನ್ನುವುದು ಬೇಕು. ಹೌಸಿಂಗ್ ಮತ್ತು ಪಟ್ಟಿಯ ನಡುವೆ ಸಪಾಟು ಬ್ಲಾಕ್ ಕೊಟ್ಟಿದ್ದರೆ ಪಿನಿಯನ್ ತಿರುಗುವುದಿಲ್ಲ. ಎರಡೂ ಕೋನ ಒಟ್ಟಿಗೇ ಏರುತ್ತವೆ, ಸಮವಾಗಿಯೇ ಇರುತ್ತವೆ. ಆದರೆ ತುಂಬಾ ಏರುತ್ತವೆ. 700 ಮಿ.ಮೀ. ಉದ್ದದ ಶಾಫ್ಟಿಗೆ 75 ಮಿ.ಮೀ. ಬ್ಲಾಕ್ ಕೊಟ್ಟರೆ ಸುಮಾರು 6 ಡಿಗ್ರಿ ಜಾಸ್ತಿ. 8 ಇದ್ದದ್ದು 14 ಆಯಿತು. ಕೋನ ಇನ್ನೇನು ಎರಡು ಪಟ್ಟೂ ಆಗಿಲ್ಲ, ವೇಗದ ಏರಿಳಿತ ಮಾತ್ರ ನೂರಕ್ಕೆ 1ರಿಂದ 3ಕ್ಕೆ ಹೋಯಿತು. ಎರಡು ತುದಿ ಸಮ ಇದ್ದು ಪಿನಿಯನ್ ನೆಟ್ಟಗೆ ತಿರುಗಿದರೂ, ನಡುವಿನ ಶಾಫ್ಟ್ ಮಾತ್ರ ಏರಿ ಇಳಿಯುತ್ತಲೇ ಇರುತ್ತದೆ. ಆ ಕಬ್ಬಿಣದ ಭಾರ ಸುಮ್ನೆ ಇರುತ್ತದಾ? ಶಾಫ್ಟ್ ತಯಾರಕರು ಬಳಸುವ ಕೋಷ್ಟಕದ ಪ್ರಕಾರ ನಿಮಿಷಕ್ಕೆ 2500 ಸುತ್ತಿಗೆ ಒಂದು ಕ್ರಾಸ್ ತಡೆಯುವುದು ಸುಮಾರು 7 ಡಿಗ್ರಿ, 3000ಕ್ಕೆ 6ರ ಒಳಗೆ, 4000ಕ್ಕೆ 4ರ ಆಸುಪಾಸು. ಮೇಲೆ ಹೇಳಿದ ಲೆಕ್ಕದಲ್ಲಿ 80 ಕಿ.ಮೀ. ವೇಗ ಅಂದರೆ 2400 ಸುತ್ತು. ಕಂಪನಿಯಿಂದ ಬಂದಾಗಲೇ ಅಂಚಿನಲ್ಲಿದ್ದ ಗಾಡಿ ಈಗ ಮಿತಿಯ ಹತ್ತಿರಹತ್ತಿರ ಎರಡು ಪಟ್ಟಿಗೆ ಬಂದಿದೆ.

ಉದ್ದ ಶ್ಯಾಕಲ್ (ಪಟ್ಟಿಯ ತುದಿಯನ್ನು ಚಾಸಿಗೆ ತೂಗುಹಾಕುವ ಕೊಂಡಿ) ಹಾಕಿದ್ದರೆ ದೋಷ ಬೇರೆ ಥರ. ಹಿಂದಿನ ಪಟ್ಟಿಗೆ ಶ್ಯಾಕಲ್ ಹಿಂಬದಿಯಲ್ಲಿದ್ದರೆ, ಪಟ್ಟಿಯ ಹಿಂದಿನ ತುದಿ ಚಾಸಿಯಿಂದ ಕೆಳಗೆ ಹೋಗಿ ಹೌಸಿಂಗ್ ತಿರುಗುತ್ತದೆ, ಪಿನಿಯನ್ ಮೂತಿ ಮೇಲಕ್ಕೆ ಬರುತ್ತದೆ. 1100 ಮಿ.ಮೀ. ಪಟ್ಟಿಗೆ 50 ಮಿ.ಮೀ. ಉದ್ದ ಜಾಸ್ತಿ ಕೊಟ್ಟರೆ ಎರಡೂವರೆ ಡಿಗ್ರಿ ತಿರುವು. ಗಾಡಿ ಎದ್ದದ್ದು ಅದರ ಅರ್ಧ, 25 ಮಿ.ಮೀ. ಮಾತ್ರ. ಎತ್ತರ ಕಮ್ಮಿ, ಆದರೆ ಸಮ ತಪ್ಪಿತು. "ಇಷ್ಟೇ ಎತ್ತಿರೋದು, ಇದಕ್ಕೆಲ್ಲ ನಡುಗುತ್ತಾ?" ಅಂತ ಕೇಳುವವರ ಗಾಡಿ ಬಹಳ ಸಲ ಈ ಥರದ್ದೇ ಆಗಿರುತ್ತದೆ.

ಸಮ ತಪ್ಪಿದ್ದಕ್ಕೆ ಮದ್ದು ವೆಜ್, ಅಂದರೆ ಒಂದು ಕಡೆ ದಪ್ಪ ಒಂದು ಕಡೆ ತೆಳು ಇರುವ ಪ್ಲೇಟು. ಕಬ್ಬಿಣದ್ದೇ ಹಾಕಿಸಿ. ಮೆತ್ತಗಿನ ಅಲ್ಯೂಮಿನಿಯಂ ಆದರೆ ಪಟ್ಟಿಯ ಒತ್ತಡಕ್ಕೆ ಒಡೆದು ಯು ಬೋಲ್ಟ್ ಸಡಿಲ ಮಾಡುತ್ತದೆ. ದಿಕ್ಕು ತಪ್ಪಿದರೆ ದೋಷ ಎರಡು ಪಟ್ಟಾಗುತ್ತದೆ, ಹಾಗಾಗಿ ಇದನ್ನು ನೆನಪಿಡಿ. ಹಿಂದಿನ ಹೌಸಿಂಗ್‌ನ ಪಿನಿಯನ್ ಮೇಲೇಳಬೇಕಾದರೆ, ಪಟ್ಟಿ ಹೌಸಿಂಗ್‌ನ ಮೇಲಿರುವ ಗಾಡಿಯಲ್ಲಿ ವೆಜ್‌ನ ದಪ್ಪ ಭಾಗ ಹಿಂದಕ್ಕೆ. ಪಟ್ಟಿ ಹೌಸಿಂಗ್‌ನ ಕೆಳಗಿದ್ದರೆ ದಪ್ಪ ಭಾಗ ಮುಂದಕ್ಕೆ. ಮೂತಿ ಇಳಿಯಬೇಕಾದರೆ ಇದರ ಉಲ್ಟಾ.

ಕೋನ ಸಮ ಇದ್ದೂ ತುಂಬಾ ಜಾಸ್ತಿ ಆಗಿದ್ದರೆ ವೆಜ್ ಕೆಲಸ ಮಾಡುವುದಿಲ್ಲ. ಗೇರ್ ಬಾಕ್ಸ್ ಕೂತಿರುವ ಅಡ್ಡ ಮೆಂಬರ್ ಕೆಳಗಿಳಿಸುವುದು ಒಂದು ದಾರಿ. ಹಿಂದಿನ ಶಾಫ್ಟಿಗೆ ಆರಾಮಾಗುತ್ತದೆ, ಮುಂದಿನ ಶಾಫ್ಟಿನ ಕೋನ ಹೆಚ್ಚುತ್ತದೆ. ರೇಡಿಯೇಟರ್ ಫ್ಯಾನು, ಗೇರ್ ಲಿವರ್, ಸೈಲೆನ್ಸರ್ ಪೈಪು ಎಲ್ಲಾದರೂ ತಾಗುತ್ತವಾ ಅಂತಲೂ ನೋಡಬೇಕು. ಇನ್ನೊಂದು ದಾರಿ ಟ್ರಾನ್ಸ್‌ಫರ್ ಬಾಕ್ಸ್ ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟ್. ಮೇಲಿನ ಕೋನವನ್ನು ಎರಡು ಕ್ರಾಸ್ ಹಂಚಿಕೊಂಡು ಅಲ್ಲೇ ಸರಿದೂಗಿಸುತ್ತವೆ. ಆಗ ಲೆಕ್ಕ ಪೂರ್ತಿ ಬದಲಾಗುತ್ತದೆ: ಪಿನಿಯನ್ ಮೂತಿ ಟ್ರಾನ್ಸ್‌ಫರ್ ಬಾಕ್ಸಿಗೆ ಸಮಾನಾಂತರ ಇರಬಾರದು, ನೇರ ಅದರ ಕಡೆಗೇ ನೋಡುತ್ತಿರಬೇಕು, ಎಳೆತಕ್ಕೆ ಅಂತ ಒಂದೆರಡು ಡಿಗ್ರಿ ಮಾತ್ರ ಕೆಳಗೆ. ಜೋಡಿ ಕ್ರಾಸ್ ಹಾಕಿಸಿ ಪಿನಿಯನ್ ಹಾಗೇ ಬಿಟ್ಟು "ಇದೂ ನಡುಗುತ್ತೆ" ಅನ್ನುವವರು ಈ ಅರ್ಧ ಕೆಲಸ ಬಿಟ್ಟಿರುತ್ತಾರೆ. ನನ್ನ ಕೇಳಿದರೆ, ದಿನಾ ಮೈಸೂರು ಮಂಡ್ಯ ಓಡಾಡುವ ಗಾಡಿಗೆ ಬ್ಲಾಕ್‌ನ ದಪ್ಪ ಕಡಿಮೆ ಮಾಡುವುದೇ ಎಲ್ಲಕ್ಕಿಂತ ಒಳ್ಳೆಯ ರಿಪೇರಿ.

ಉದ್ದ ಸಾಲುತ್ತಾ?

ನಡುಕ ತೊಂದರೆ ಕೊಡುತ್ತದೆ. ಉದ್ದ ಸಾಲದ ಶಾಫ್ಟ್ ಜೀವಕ್ಕೇ ಕುತ್ತು ತರುತ್ತದೆ. ಜಾರುವ ಹಲ್ಲು ಕಳಚಿ ಮುಂದಿನ ತುದಿ ನೆಲಕ್ಕೆ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಆದ್ದರಿಂದ ಗಾಡಿ ನಡುಗದೇ ಇದ್ದರೂ ಈ ತಪಾಸಣೆ ಮಾಡಲೇಬೇಕು.

ಮೊದಲು ಗಾಡಿ ನಿಂತ ಹಾಗೇ, ಜಾರುವ ಭಾಗ ಹೊರಗೆ ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಚಾಕ್‌ಪೀಸಿನಿಂದ ಗೆರೆ ಹಾಕಿ. ಆಮೇಲೆ ಚಾಸಿಗೆ ಜಾಕಿ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು, ಚಕ್ರ ಪೂರ್ತಿ ಜೋತುಬೀಳಲಿ. ಗೆರೆ ಎಷ್ಟು ಹೊರಗೆ ಬಂತು? ಆಮೇಲೆ ಶಾಫ್ಟ್ ಬಿಚ್ಚಿ ಒಳಗೆ ಎಷ್ಟು ಹಲ್ಲು ಉಳಿದಿತ್ತು ಅಂತ ಅಳೆಯಿರಿ. ಪೂರ್ತಿ ಜೋತುಬಿದ್ದಾಗಲೂ ಹಲ್ಲಿನ ದಿಂಡು ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ಒಳಗಿರಬೇಕು ಅನ್ನುವುದು ನಾನು ಪಾಲಿಸುವ ಲೆಕ್ಕ. ಅದಕ್ಕಿಂತ ಕಡಿಮೆ ಇದ್ದರೆ ಹೆದ್ದಾರಿಗೆ ಇಳಿಯಬೇಡಿ.

ಪಾಂಡವಪುರದ ಕಡೆಯಿಂದ ಬಂದ ಒಂದು ಹಳೇ ಜೀಪಿನ ಶಾಫ್ಟ್ ಎಳೆದು ನೋಡಿದಾಗ ಹಲ್ಲುಗಳ ತುದಿಯಲ್ಲಿ ಹೆಬ್ಬೆರಳಿನ ಅಗಲದಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದ ಉದ್ದವೆಲ್ಲ ಹಳೇ ಗ್ರೀಸಿನ ಕೆಳಗೆ ಕಪ್ಪಗೆ, ಮುಟ್ಟದ ಹಾಗೆ ಇತ್ತು. ಹೊಳಪಿನ ಜಾಗದಲ್ಲಿ ಹಲ್ಲಿನ ಒಂದು ಮಗ್ಗುಲು ಮಾತ್ರ ಸವೆದು ಉಗುರಿಗೆ ಮೆಟ್ಟಿಲಿನಂತೆ ತಗಲುತ್ತಿತ್ತು. ಗೇರ್ ಹಾಕಿದ ಕೂಡಲೇ ಟಕ್ ಅನ್ನುತ್ತದೆ ಅನ್ನುವುದು ಆ ಗಾಡಿಯ ದೂರು. ನಾಲೆ ಏರಿಯ ಮೇಲೆ ಒಂದು ಚಕ್ರ ಗುಂಡಿಗೆ ಇಳಿದಾಗಲೆಲ್ಲ ಆ ಶಾಫ್ಟ್ ಕಳಚುವ ಅಂಚಿಗೆ ಹೋಗಿ ಬರುತ್ತಿತ್ತು. ಕ್ರಾಸ್ ಎರಡೂ ಹೊಸದಿದ್ದವು.

ಇದರ ಉಲ್ಟಾ ದೋಷವೂ ಉಂಟು. ಉದ್ದ ಮಾಡಿಸುವಾಗ ಅತಿಯಾಗಿ ಮಾಡಿಸಿದರೆ, ಚಕ್ರ ಪೂರ್ತಿ ಮೇಲೆದ್ದಾಗ ಜಾರಲು ಜಾಗವಿಲ್ಲದೆ ಶಾಫ್ಟ್ ಟ್ರಾನ್ಸ್‌ಫರ್ ಬಾಕ್ಸಿನ ಬೇರಿಂಗನ್ನೇ ಗುದ್ದುತ್ತದೆ. ಪಟ್ಟಿ ಬಂಪ್ ರಬ್ಬರಿಗೆ ತಾಗಿದ ಸ್ಥಿತಿಯಲ್ಲೂ ಒಳಗೆ 20 ಮಿ.ಮೀ.ನಷ್ಟು ಖಾಲಿ ಉಳಿಯಬೇಕು. ಜಾರುವ ಭಾಗಕ್ಕೆ ಗ್ರೀಸ್ ತುಂಬುವಾಗಲೂ ಇದೇ ಅಪಾಯ. ಗನ್ನಿನಿಂದ ಒತ್ತುತ್ತಲೇ ಹೋದರೆ ಒಳಗಿನ ಗ್ರೀಸ್ ಹೊರಬರಲಾರದೆ ಶಾಫ್ಟ್ ಕುಗ್ಗುವುದೇ ಇಲ್ಲ. ಕ್ರಾಸಿಗಾದರೆ ನಾಲ್ಕೂ ಕಪ್ಪಿನಿಂದ ಗ್ರೀಸ್ ಇಣುಕುವವರೆಗೆ ಒತ್ತಿ, ಜಾರುವ ಭಾಗಕ್ಕೆ ಸ್ವಲ್ಪ ಸಾಕು.

ಚಕ್ರ ಜೋತುಬಿದ್ದಿರುವಾಗಲೇ ಶಾಫ್ಟನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲಾದರೂ ಹಿಡಿದರೆ ಯೋಕಿನ ಕಿವಿಗಳು ಒಂದಕ್ಕೊಂದು ತಾಗುತ್ತಿವೆ. ಕಿವಿಯ ಒಳ ಅಂಚಿನಲ್ಲಿ ಹೊಸದಾಗಿ ಹೊಳೆಯುವ ಚಿಕ್ಕ ಗಾಯ ಕಂಡರೂ ಅದೇ ಅರ್ಥ. ಅಂಥ ಗಾಡಿಗೆ ಹೌಸಿಂಗ್ ಅಷ್ಟು ಕೆಳಗೆ ಇಳಿಯದಂತೆ ತಡೆಯುವ ಬೆಲ್ಟ್ ಕಟ್ಟಿಸಬೇಕು, ಇಲ್ಲವೇ ಸರಿಯಾದ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಬೇಕು. ಕಪ್ಪಿನ ಬಾಯಲ್ಲಿ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಗ್ರೀಸಿಲ್ಲದೆ ಒಣಗಿದೆ. ಆಗ ಮಾತ್ರ ಕ್ರಾಸ್ ಬದಲಿಸಿ, ಕೋನ ಸರಿ ಮಾಡಿದ ಮೇಲೆ.

ಮುಂದಿನ ಶಾಫ್ಟ್

ಟೂ ಎಚ್‌ನಲ್ಲಿ ಅಂದರೆ ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವಾಗ, ಮುಂದಿನ ಶಾಫ್ಟ್ ನಿಲ್ಲುವ ಗಾಡಿಗಳಲ್ಲಿ ಪರೀಕ್ಷೆ ಸುಲಭ. ಮಣ್ಣುದಾರಿಯಲ್ಲಿ ಫೋರ್ ಎಚ್ ಹಾಕಿದಾಗ ಮಾತ್ರ ನಡುಕ ಬಂದರೆ ದೋಷ ಮುಂದಿನದು. ಮುಂದಿನ ಚಕ್ರದ ಹಬ್ ಕಳಚಿಕೊಳ್ಳದೆ ಶಾಫ್ಟ್ ಯಾವಾಗಲೂ ತಿರುಗುವ ಗಾಡಿಯಾದರೆ ಮುಂದಿನ ಶಾಫ್ಟ್ ಬಿಚ್ಚಿಟ್ಟು ಟೂ ಎಚ್‌ನಲ್ಲಿ ಓಡಿಸಿ ನೋಡಬಹುದು. ಆದರೆ ಯೋಕ್ ನೇರ ಟ್ರಾನ್ಸ್‌ಫರ್ ಬಾಕ್ಸಿನೊಳಗೆ ಹೋಗುವ ಮಾದರಿಯಲ್ಲಿ ಎಣ್ಣೆ ಸುರಿದು ಹೋಗುತ್ತದೆ, ಅದನ್ನು ಬಿಚ್ಚಬೇಡಿ. ಯಾವ ಶಾಫ್ಟ್ ಬಿಚ್ಚುವ ಮುಂಚೆಯೂ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಹಿಂದಿನ ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿ ನಿಲ್ಲಿಸಿದ್ದೇನೆ ಅನ್ನುವ ನಂಬಿಕೆಗೆ ಅರ್ಥವಿಲ್ಲ. ಟ್ರಾನ್ಸ್‌ಫರ್ ಬಾಕ್ಸಿನ ಮೇಲೇ ಹ್ಯಾಂಡ್ ಬ್ರೇಕ್ ಇರುವ ಮಾದರಿಯಾದರೆ ಅದೂ ಹಿಡಿಯುವುದಿಲ್ಲ.

2023ರಲ್ಲಿ ಇಲ್ಲಿ ಬಂದ ಜಿಮ್ನಿಯಂಥ ಗಾಡಿಯಲ್ಲಿ ಮುಂದೆಯೂ ಹಿಂದೆಯೂ ಕಾಯಿಲ್ ಸ್ಪ್ರಿಂಗ್, ಸಾಲಿಡ್ ಹೌಸಿಂಗ್, ಅದನ್ನು ಹಿಡಿದಿರುವ ಉದ್ದ ಆರ್ಮ್. ಗಾಡಿ ಎದ್ದಾಗ ಆರ್ಮ್ ಕೆಳಕ್ಕೆ ತಿರುಗಿ ಮುಂದಿನ ಹೌಸಿಂಗ್ ಕೂಡ ತಿರುಗುತ್ತದೆ. ಪಿನಿಯನ್ ಮೇಲೇಳುತ್ತದೆ, ಕ್ಯಾಸ್ಟರ್ (ಚಕ್ರ ತಿರುವುವ ಕೀಲು ಹಿಂದಕ್ಕೆ ಬಾಗಿರುವ ಕೋನ) ಕಡಿಮೆಯಾಗಿ ಸ್ಟೇರಿಂಗ್ ಅಲೆದಾಡುತ್ತದೆ. ಕ್ಯಾಸ್ಟರ್ ಸರಿ ಮಾಡುವ ಬುಶ್ ಹಾಕಿಸಿದರೆ ಸ್ಟೇರಿಂಗ್ ನೆಟ್ಟಗಾಗುತ್ತದೆ, ಪಿನಿಯನ್ ಮಾತ್ರ ಕೆಳಗಿಳಿದು ಶಾಫ್ಟಿನ ಕೋನ ಹದಗೆಡುತ್ತದೆ. ಹಾಗಾಗಿ "ಬುಶ್ ಹಾಕಿಸಿದ ಮೇಲೆ ನಡುಕ ಶುರುವಾಯ್ತು" ಅನ್ನುವ ದೂರು ನಿಜವೇ. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಸ್ಟೇರಿಂಗನ್ನೇ ಆರಿಸಿ, ಶಾಫ್ಟನ್ನು ಅದಕ್ಕೆ ಹೊಂದಿಸಿ.

ಮುಂದಿನ ಶಾಫ್ಟ್ ಬಹಳ ಗಾಡಿಗಳಲ್ಲಿ ಪಕ್ಕಕ್ಕೂ ಓರೆಯಾಗಿರುತ್ತದೆ. ಪಕ್ಕದಿಂದ ನೋಡಿ 8 ಡಿಗ್ರಿ, ಮೇಲಿನಿಂದ ನೋಡಿ 6 ಡಿಗ್ರಿ ಇದ್ದರೆ ನಿಜವಾದ ಕೋನ 10.

2020ರಲ್ಲಿ ಬಂದ ಥಾರ್‌ನಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್. ಅಲ್ಲಿ ಮುಂದಿನ ಡಿಫರೆನ್ಷಿಯಲ್ ಚಾಸಿಯ ಜೊತೆಗೇ ಇರುವುದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಏನೂ ಆಗುವುದಿಲ್ಲ. ಕಷ್ಟವೆಲ್ಲ ಚಕ್ರಕ್ಕೆ ಹೋಗುವ ಆಕ್ಸಲ್ ಶಾಫ್ಟಿನದು. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಟಿಕ್ ಟಿಕ್ ಅಂದರೆ, ರಬ್ಬರ್ ಬೂಟ್ ಸೀಳಿ ರಿಮ್ಮಿನ ಒಳಗೆಲ್ಲ ಗ್ರೀಸ್ ಎರಚಿದ್ದರೆ ಅಲ್ಲೇ ನೋಡಿ. ಡಿಫರೆನ್ಷಿಯಲ್ ಕೆಳಗಿಳಿಸುವ ಬ್ರಾಕೆಟ್ ಅಥವಾ ಎತ್ತರ ಇಳಿಸುವುದು ಇದಕ್ಕೆ ಪರಿಹಾರ.

ಲೇತ್ ಅಂಗಡಿಗೆ ಹೋಗುವಾಗ

ಶಾಫ್ಟ್ ಉದ್ದ ಮಾಡಿಸಲೇಬೇಕು ಅಂತಾದರೆ ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದಂಥ ಕಡೆ ಕೊಳವೆ ಕತ್ತರಿಸಿ ಬೆಸೆಯುವವರು ಸಿಗುತ್ತಾರೆ. "ಎರಡಿಂಚು ಉದ್ದ ಮಾಡಿ" ಅಂತ ಬಾಯಲ್ಲಿ ಹೇಳಬೇಡಿ. ಗಾಡಿ ನಿಂತಾಗ ಫ್ಲ್ಯಾಂಜಿನಿಂದ ಫ್ಲ್ಯಾಂಜಿಗೆ ಎಷ್ಟು, ಪೂರ್ತಿ ಜೋತುಬಿದ್ದಾಗ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟು, ಮೂರನ್ನೂ ಮಿ.ಮೀ.ನಲ್ಲಿ ಬರೆದು ಕೊಡಿ. ಹಳೇ ಕೊಳವೆಗೆ ತುಂಡು ಸೇರಿಸಿ ಬೆಸೆಯಲು ಬಿಡಬೇಡಿ, ಒಂದೇ ಹೊಸ ಕೊಳವೆ ಹಾಕಿಸಿ. ಎರಡೂ ಯೋಕಿನ ಕಿವಿ ಒಂದೇ ಸಾಲಿಗೆ ಕೂರಿಸಿ ಬೆಸೆಯಬೇಕು. ಬೆಸೆದ ಮೇಲೆ ತಿರುಗುವ ಯಂತ್ರದ ಮೇಲೆ ಬ್ಯಾಲೆನ್ಸ್ ಮಾಡಿಸಲೇಬೇಕು. ಬ್ಯಾಲೆನ್ಸ್ ಇಲ್ಲದೆ ತಂದರೆ ಕೋನದ ನಡುಕದ ಜಾಗಕ್ಕೆ ಬೇರೆ ನಡುಕ ಬಂದು ಕೂರುತ್ತದೆ, ಯಾವುದು ಯಾವುದೆಂದು ಬಿಡಿಸುವುದು ಮತ್ತೆ ಮೊದಲಿಂದ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರ ಬದಲಾಗುವಂತೆ ಗಾಡಿ ತಿದ್ದುವ ಹಾಗಿಲ್ಲ. ಎತ್ತರಿಸುವ ಮೊದಲೇ ಆರ್‌ಟಿಒದಲ್ಲೂ ಇನ್ಶೂರೆನ್ಸಿನವರಲ್ಲೂ ಕೇಳಿಕೊಳ್ಳಿ.

ಎಲ್ಲ ಕೂಡಿಸಿದ ಮೇಲೆ ಮೊದಲ ಓಡಾಟ ನಿಧಾನವಾಗಿರಲಿ. ನಂಜನಗೂಡಿನ ಕಡೆಗೋ ಶ್ರೀರಂಗಪಟ್ಟಣದ ಕಡೆಗೋ ಒಂದು ಸುತ್ತು ಹೋಗಿ ಬಂದು ಕ್ರಾಸ್ ಕಪ್ಪುಗಳನ್ನು ಬೆರಳಿಂದ ಹುಷಾರಾಗಿ ಮುಟ್ಟಿ ನೋಡಿ. ಒಂದು ಕಪ್ಪು ಮಾತ್ರ ಬೇರೆಯವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಆ ತುದಿಯ ಕೋನ ಮತ್ತೆ ಅಳೆಯಿರಿ. ಹೊಸ ಪಟ್ಟಿ, ಬ್ಲಾಕ್, ವೆಜ್ ಕೂತ ಮೇಲೆ ಯು ಬೋಲ್ಟ್ ಸಡಿಲವಾಗುವುದು ಸಹಜ, ಕೆಲವು ನೂರು ಕಿ.ಮೀ. ಓಡಿದ ಮೇಲೆ ಟಾರ್ಕ್ ಸ್ಪ್ಯಾನರ್ ಹಾಕಿ ಬಿಗಿ ಮಾಡಿಸಿ. ಸ್ಪ್ರಿಂಗ್ ಕೂಡ ಅಷ್ಟರಲ್ಲಿ ಸ್ವಲ್ಪ ಇಳಿದಿರುತ್ತದೆ. ಆಗ ಮೂರು ಕೋನವನ್ನೂ ಇನ್ನೊಮ್ಮೆ ಹಿಡಿದು, ಹಳೇ ಅಂಕಿಯ ಪಕ್ಕದಲ್ಲೇ ಬರೆದಿಡಿ.